ಮಳೆಗಾಲದಲ್ಲೂ ನಿಲ್ಲುವ ಸ್ಟೆನ್ಸಿಲ್: ಮಲೆನಾಡಿನಲ್ಲಿ ಸ್ಕ್ರೀನ್ ಎಕ್ಸ್‌ಪೋಸ್ ಮಾಡುವ ಬಗೆ

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಸ್ಕ್ರೀನ್ ಅಂದರೆ ಫ್ರೇಮಿಗೆ ಬಿಗಿದ ತೆಳು ಬಲೆಬಟ್ಟೆ (ಮೆಶ್). ಅದಕ್ಕೆ ಎಮಲ್ಷನ್ ಎಂಬ ಅಂಟು ಬಳಿದು ಒಣಗಿಸಿ, ಅಕ್ಷರ ಕಪ್ಪಾಗಿ ಮೂಡಿದ ಪಾರದರ್ಶಕ ಹಾಳೆ (ಪಾಸಿಟಿವ್) ಇಟ್ಟು ಬೆಳಕು ಕೊಡುವುದೇ ಎಕ್ಸ್‌ಪೋಸ್ ಮಾಡುವುದು; ತೊಳೆದಾಗ ಅಕ್ಷರದ ಜಾಗ ತೆರೆದುಕೊಂಡು ಉಳಿಯುವ ಪದರವೇ ಸ್ಟೆನ್ಸಿಲ್. ಬೇಸಿಗೆಯಲ್ಲಿ ನಾಲ್ಕು ನಿಮಿಷ ಎಕ್ಸ್‌ಪೋಸ್ ಮಾಡಿದರೆ ಸಾವಿರ ಲಗ್ನಪತ್ರಿಕೆ ಎಳೆದರೂ ಅಲ್ಲಾಡದ ಸ್ಕ್ರೀನ್, ಆರಿದ್ರಾ ಮಳೆ ಹಿಡಿದ ಮೇಲೆ ಅದೇ ದೀಪ, ಅದೇ ಎಮಲ್ಷನ್, ಅದೇ ನಾಲ್ಕು ನಿಮಿಷಕ್ಕೆ ತೊಳೆಯುವ ತೊಟ್ಟಿಯಲ್ಲೇ ಕಿತ್ತು ಬರುತ್ತದೆ. ಐದು, ಆರು, ಎಂಟು ಅಂತ ನಿಮಿಷ ಏರಿಸುತ್ತ ಹೋದರೆ ಸಣ್ಣ ಅಕ್ಷರ ಮುಚ್ಚಿಕೊಳ್ಳುತ್ತದೆ, ಪಿನ್‌ಹೋಲ್ (ಪದರದಲ್ಲಿ ಬೀಳುವ ಸೂಜಿಮೊನೆಯಷ್ಟು ತೂತು) ಮಾತ್ರ ಇದ್ದಲ್ಲೇ ಇರುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋದಷ್ಟೂ ಈ ತೊಂದರೆ ಜಾಸ್ತಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಕೇಳುವುದೇ ಬೇಡ. ದೀಪ ಹಳತಾಯಿತು, ಎಮಲ್ಷನ್ ಡೂಪ್ಲಿಕೇಟ್ ಬಂತು ಅಂತ ಬೈಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಳಕಿಗಿಡುವ ಹೊತ್ತಿಗೆ ಆ ಸ್ಕ್ರೀನ್ ನಿಜವಾಗಿ ಒಣಗಿತ್ತೇ?

ಈ ಮಾರ್ಗದರ್ಶಿ ಎಕ್ಸ್‌ಪೋಶರ್‌ನ ಎಲ್ಲ ಹಂತವನ್ನೂ ಹೇಳುತ್ತದೆ. ಆದರೆ ಒಣಗಿಸುವುದಕ್ಕೂ, ಸರಿಯಾದ ಬೆಳಕಿನ ಸಮಯ ಹುಡುಕುವ ಸ್ಟೆಪ್ ಟೆಸ್ಟ್‌ಗೂ ಹೆಚ್ಚು ಜಾಗ ಕೊಟ್ಟಿದ್ದೇವೆ. ನಮ್ಮ ಕಡೆಯ ಸ್ಕ್ರೀನ್‌ಗಳು ಕೆಡುವುದು ಆ ಎರಡು ಕಡೆಯಲ್ಲೇ.

ಬೆಳಕು ಬಿದ್ದಾಗ ಆಗುವುದೇನು

ಎಮಲ್ಷನ್ ಅಂದರೆ ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೋಹಾಲ್‌ನಂಥ ಅಂಟು, ಜೊತೆಗೆ ಬೆಳಕಿಗೆ ಸ್ಪಂದಿಸುವ ಒಂದು ರಾಸಾಯನಿಕ. ಸುಮಾರು 350ರಿಂದ 420 ನ್ಯಾನೋಮೀಟರ್ ನಡುವಿನ ನೇರಳಾತೀತ ಮತ್ತು ನೇರಳೆ ಬೆಳಕು ಬಿದ್ದಲ್ಲಿ ಅಂಟಿನ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡು ನೀರಿಗೆ ಕರಗದಂತಾಗುತ್ತವೆ. ಪಾಸಿಟಿವ್‌ನ ಕಪ್ಪು ಬೆಳಕನ್ನು ತಡೆದ ಜಾಗ ಹಸಿಯಾಗಿಯೇ ಉಳಿದು ತೊಳೆದುಹೋಗುತ್ತದೆ.

ಇಲ್ಲಿ ಎರಡು ಸಂಗತಿ ನೆನಪಿರಬೇಕು. ಬೆಳಕು ಬರುವುದು ಪ್ರಿಂಟ್ ಆಗುವ ಬದಿಯಿಂದ. ಹಾಗಾಗಿ ಕೊನೆಗೆ ಗಟ್ಟಿಯಾಗುವುದು ಸ್ಕ್ವೀಜಿ (ಇಂಕನ್ನು ಒತ್ತಿ ಎಳೆಯುವ ರಬ್ಬರ್ ಪಟ್ಟಿ) ಎಳೆಯುವ ಒಳಬದಿ. ಹೊರಗೆ ನೋಡಲು ಚೆನ್ನಾಗಿದ್ದು ಒಳಗೆ ಲೋಳೆಯಾಗಿರುವ ಸ್ಕ್ರೀನ್ ಅರ್ಧ ಬೆಂದದ್ದು. ಎರಡನೆಯದು, ಡಯಾಜೋ ಎಮಲ್ಷನ್‌ನಲ್ಲಿ ನೀರಿನಂಶ ಉಳಿದಿದ್ದರೆ ಬೆಳಕಿಗೆ ಒಡೆದ ಡಯಾಜೋ ಅಂಟಿನ ಜೊತೆ ಬೆಸೆಯುವ ಬದಲು ನೀರಿನ ಜೊತೆ ಸೇರಿ ವ್ಯರ್ಥವಾಗುತ್ತದೆ. ಒಮ್ಮೆ ಖರ್ಚಾದ ಡಯಾಜೋ ಮತ್ತೆ ಬರುವುದಿಲ್ಲ. ಒದ್ದೆ ಸ್ಕ್ರೀನ್‌ಗೆ ಎಷ್ಟು ನಿಮಿಷ ಬೆಳಕು ಕೊಟ್ಟರೂ ಅದು ಗಟ್ಟಿಯಾಗದಿರುವುದು ಇದರಿಂದಲೇ.

ಎಮಲ್ಷನ್ ಮತ್ತು ಮೆಶ್

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಡಯಾಜೋ ಪುಡಿಯನ್ನೋ ದ್ರಾವಣವನ್ನೋ ಡಬ್ಬಿಗೆ ಬೆರೆಸಿ ಬಳಸುವುದು ಒಂದು. ನಿಧಾನ, ಆದರೆ ಸಮಯ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸಹಿಸಿಕೊಳ್ಳುತ್ತದೆ. ಬೆರೆಸುವ ಕೆಲಸವಿಲ್ಲದ ಫೋಟೊಪಾಲಿಮರ್ ಎರಡನೆಯದು. ಬಹಳ ಚುರುಕು, ಕೆಲವೇ ಸೆಕೆಂಡಿನ ವ್ಯತ್ಯಾಸಕ್ಕೂ ಮುನಿಸಿಕೊಳ್ಳುತ್ತದೆ. ಎರಡನ್ನೂ ಸೇರಿಸಿದ ಡ್ಯುಯಲ್ ಕ್ಯೂರ್ ಮೂರನೆಯದು. ಹೊಸಬರು ಡಯಾಜೋ ಅಥವಾ ಡ್ಯುಯಲ್ ಕ್ಯೂರ್‌ನಿಂದ ಶುರು ಮಾಡುವುದು ಒಳ್ಳೆಯದು. ಡಯಾಜೋ ಬೆರೆಸಿದ ಮೇಲೆ ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಹೊರಗಿಟ್ಟರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಫ್ರಿಜ್ಜಿನಲ್ಲಿಟ್ಟರೆ ಸುಮಾರು ಮೂರು ತಿಂಗಳು ಬಾಳುತ್ತದೆ. ಬೆರೆಸಿದ ಕೂಡಲೇ ನೊರೆ ಇರುತ್ತದೆ. ಒಂದು ರಾತ್ರಿ ಬಿಟ್ಟು ಬಳಸಿದರೆ ಗುಳ್ಳೆಯಿಂದಾಗುವ ಪಿನ್‌ಹೋಲ್ ತಪ್ಪುತ್ತದೆ.

ಹಳೆಯ ಮಳಿಗೆಗಳಲ್ಲಿ ಈಗಲೂ ಕಾಣುವ ಬೈಕ್ರೊಮೇಟ್ ದ್ರಾವಣವನ್ನು ಬಿಟ್ಟುಬಿಡಿ. ಅದರಲ್ಲಿರುವ ಕ್ರೋಮಿಯಂ ಚರ್ಮಕ್ಕೆ ಹುಣ್ಣು ತರುತ್ತದೆ, ಕ್ಯಾನ್ಸರ್‌ಕಾರಕ ಕೂಡ. ಅದಿರಲಿ, ನಮ್ಮ ಹವೆಗೆ ಅದು ಹೊಂದುವುದೂ ಇಲ್ಲ. ಬೈಕ್ರೊಮೇಟ್ ಹಾಕಿದ ಕೋಟ್ ಕತ್ತಲಲ್ಲೂ ತಾನಾಗಿ ಗಟ್ಟಿಯಾಗುತ್ತದೆ; ಥಂಡಿ ಮತ್ತು ಸೆಕೆ ಸೇರಿದರೆ ಇನ್ನೂ ಬೇಗ.

ಮೆಶ್ ನಂಬರನ್ನು ಕೆಲವರು ಸೆಂಟಿಮೀಟರಿಗೆ, ಕೆಲವರು ಇಂಚಿಗೆ ಎಷ್ಟು ಎಳೆ ಎಂದು ಹೇಳುತ್ತಾರೆ. ಕೊಳ್ಳುವಾಗಲೇ ಕೇಳಿಕೊಳ್ಳಿ. ಸೆಂಟಿಮೀಟರಿನ ಲೆಕ್ಕವನ್ನು 2.54ರಿಂದ ಗುಣಿಸಿದರೆ ಇಂಚಿನ ಲೆಕ್ಕ: 43 ಅಂದರೆ ಇಂಚಿಗೆ ಸುಮಾರು 110, 77 ಅಂದರೆ 195, 120 ಅಂದರೆ 305. ಬಟ್ಟೆ ಕೈಚೀಲ, ಟೀ ಶರ್ಟಿಗೆ 43ರಿಂದ 55. ಲಗ್ನಪತ್ರಿಕೆ, ಸ್ಟಿಕ್ಕರಿಗೆ 120. ಅಡಿಕೆ ಚೀಲಕ್ಕೆ ಮಾರ್ಕಾ ಹಾಕಲು 32ರ ಆಸುಪಾಸಿನ ಒರಟು ಮೆಶ್ ಸಾಕು. 43ರಲ್ಲಿ ಒಂದು ಎಳೆಯಿಂದ ಮುಂದಿನ ಎಳೆಗೆ ಸುಮಾರು 0.23 ಮಿ.ಮೀ. ಇರುತ್ತದೆ. ಅಕ್ಷರದ ಗೆರೆಯೇ ಅದಕ್ಕಿಂತ ತೆಳ್ಳಗಿದ್ದರೆ ಎಕ್ಸ್‌ಪೋಶರ್ ಎಷ್ಟು ತಿದ್ದಿದರೂ ಆ ಗೆರೆ ಪೂರ್ತಿ ಮೂಡುವುದಿಲ್ಲ.

ಬಿಳಿ ಮೆಶ್‌ನ ಎಳೆಗಳು ಬೆಳಕನ್ನು ಅಕ್ಕಪಕ್ಕಕ್ಕೆ ಚೆಲ್ಲುತ್ತವೆ, ಅದು ಪಾಸಿಟಿವ್‌ನ ಕಪ್ಪಿನ ಅಡಿಗೂ ನುಗ್ಗುತ್ತದೆ. ಹಳದಿ ಮೆಶ್ ಆ ಚೆಲ್ಲಾಟವನ್ನು ತಡೆಯುತ್ತದೆ. ಸಮಯ ಮಾತ್ರ ಹೆಚ್ಚು ಬೇಕು, ಕೆಲವೊಮ್ಮೆ ಬಿಳಿಯ ಎರಡರಷ್ಟು. ಲಗ್ನಪತ್ರಿಕೆಯ ಸಣ್ಣಕ್ಷರದ ಕೆಲಸವೇ ಜಾಸ್ತಿ ಇರುವವರು ಹಳದಿಗೆ ದುಡ್ಡು ಹಾಕುವುದು ಲೇಸು.

ಜಿಡ್ಡು ತೆಗೆದು ಕೋಟ್ ಹಾಕುವುದು

ಮೆಶ್‌ನ ಎರಡೂ ಬದಿಯನ್ನು ಡಿಗ್ರೀಸರ್‌ನಿಂದ ಮೃದುವಾದ ಬ್ರಷ್ ಹಿಡಿದು ಉಜ್ಜಿ, ಧಾರಾಳ ನೀರಲ್ಲಿ ತೊಳೆಯಿರಿ. ಮೈಸೋಪು ಬೇಡ, ಅದರ ಎಣ್ಣೆಯಂಶ ಎಳೆಯ ಮೇಲೆ ಉಳಿಯುತ್ತದೆ. ತೊಳೆದ ಮೇಲೆ ನೀರು ಹಾಳೆಯಂತೆ ಒಂದೇ ಸಮ ಹರಡಬೇಕು. ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ಆಮೇಲೆ ಮೆಶ್ ಪೂರ್ತಿ ಒಣಗಲಿ.

ಕೋಟ್ ಹಾಕುವ ಕೋಣೆಯಲ್ಲಿ ಹಳದಿ ದೀಪ ಮಾತ್ರ ಇರಲಿ. ಬಿಳಿ ಟ್ಯೂಬ್‌ಲೈಟಿಗೂ ಕಿಟಕಿಯಿಂದ ಬರುವ ಹಗಲಿನ ಬೆಳಕಿಗೂ ಹಸಿ ಎಮಲ್ಷನ್ ಅಷ್ಟಾಗಿ ಕೆಡದಿದ್ದರೂ ಒಣಗಿದಂತೆಲ್ಲ ಕೆಡತೊಡಗುತ್ತದೆ. ಫ್ರೇಮನ್ನು ಸ್ವಲ್ಪ ವಾಲಿಸಿ ನಿಲ್ಲಿಸಿ, ಕೋಟರಿನ (ಎಮಲ್ಷನ್ ಬಳಿಯುವ ತೊಟ್ಟಿಯಂಥ ಸಲಕರಣೆಯ) ಅಂಚನ್ನು ಮೆಶ್‌ಗೆ ಒತ್ತಿ, ಎಮಲ್ಷನ್ ಅಂಚಿಗೆ ಬಂದು ಮುಟ್ಟಿದ ಮೇಲೆ ಒಂದೇ ವೇಗದಲ್ಲಿ ಮೇಲಕ್ಕೆ ಎಳೆಯಿರಿ. ಮೊದಲು ಪ್ರಿಂಟ್ ಬದಿಗೆ ಒಂದು, ಆಮೇಲೆ ಸ್ಕ್ವೀಜಿ ಬದಿಗೆ ಒಂದು. ಕೊನೆಯ ಎಳೆತ ಯಾವಾಗಲೂ ಸ್ಕ್ವೀಜಿ ಬದಿಯಿಂದಲೇ ಇರಲಿ, ಎಮಲ್ಷನ್ ಪ್ರಿಂಟ್ ಬದಿಗೆ ಸರಿದು ಅಲ್ಲಿ ನುಣುಪಾದ ಪದರ ಆಗುತ್ತದೆ. ಬಟ್ಟೆಗೆ ದಪ್ಪ ಇಂಕ್ ಬೇಕಿದ್ದರೆ ಎರಡು-ಎರಡು ಹಾಕಬಹುದು. ಆದರೆ ಪದರ ದಪ್ಪವಾದಷ್ಟೂ ಒಣಗುವ ಹೊತ್ತು, ಬೆಳಕಿನ ಹೊತ್ತು ಎರಡೂ ಏರುತ್ತವೆ. ಹತ್ತು ಸ್ಕ್ರೀನಿಗೆ ಹತ್ತು ದಪ್ಪದ ಕೋಟ್ ಹಾಕುವವರಿಗೆ ಸರಿಯಾದ ಎಕ್ಸ್‌ಪೋಶರ್ ಸಮಯ ಅಂತ ಒಂದು ಇರುವುದೇ ಇಲ್ಲ.

ಒಣಗಿಸುವುದು

ಎಮಲ್ಷನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದು ಹೋಗಬೇಕಾದರೆ ಸುತ್ತಲಿನ ಗಾಳಿಯಲ್ಲಿ ಜಾಗ ಇರಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ, ಆರ್ದ್ರತೆ ಶೇ. 90 ದಾಟಿದ ಕೋಣೆಯಲ್ಲಿ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಒದ್ದೆ ಗಾಳಿಯನ್ನೇ ಸ್ಕ್ರೀನ್ ಮೇಲೆ ಸುತ್ತಿಸಿದಂತೆ. ಮಳೆಗಾಲದಲ್ಲಿ ಹಾಕಿದ ಹಪ್ಪಳದ ಹಾಗೆ, ಮುಟ್ಟಿದರೆ ಒಣಗಿದೆ, ಒಳಗೆ ಪಸೆ ಇದೆ. ಬೆರಳಿನ ಸಾಕ್ಷಿಯನ್ನು ನಂಬಬೇಡಿ.

ಸ್ಕ್ರೀನ್ ಒಣಗಿಸುವ ಜಾಗದಲ್ಲಿ ಆರ್ದ್ರತೆ ಶೇ. 40ರಿಂದ 50, ಶಾಖ 30ರಿಂದ 40 ಡಿಗ್ರಿ ಇರಬೇಕು. ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಗಾಳಿ ಬೆಚ್ಚಗಾದಷ್ಟೂ ಅದು ಹಿಡಿದುಕೊಳ್ಳಬಲ್ಲ ನೀರು ಹೆಚ್ಚುತ್ತದೆ. 24 ಡಿಗ್ರಿಯಲ್ಲಿ ಶೇ. 95 ಆರ್ದ್ರತೆಯಿರುವ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು ಶೇ. 50ಕ್ಕೆ ಇಳಿಯುತ್ತದೆ, 38 ಡಿಗ್ರಿಗೆ ಕಾಯಿಸಿದರೆ ಶೇ. 43ರ ಆಸುಪಾಸು. ಅಂದರೆ ಬೇಕಾದ್ದು ಗಾಳಿಯನ್ನು ಹತ್ತು-ಹದಿನಾಲ್ಕು ಡಿಗ್ರಿ ಕಾಯಿಸಿ ಹೊರಬಿಡುವ ಒಂದು ಪೆಟ್ಟಿಗೆ, ಅಷ್ಟೆ.

ಪ್ಲೈವುಡ್‌ನಲ್ಲಿ ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಆಳ, ನಾಲ್ಕು ಅಡಿ ಎತ್ತರದ ಬೀರು ಮಾಡಿಸಿ. ಒಳಗೆ ಮೂರು ಇಂಚಿಗೊಂದರಂತೆ ಎರಡೂ ಬದಿ ರೀಪು ಹೊಡೆದರೆ ಫ್ರೇಮ್‌ಗಳನ್ನು ಅಡ್ಡಲಾಗಿ ತೂರಿಸಬಹುದು. ಕೆಳಗೆ 100 ವಾಟಿನ ಎರಡು ಹಳೇ ತರದ ಬಲ್ಬ್, ಇಲ್ಲವೇ ಅಷ್ಟೇ ವಾಟಿನ ಸೆರಾಮಿಕ್ ಹೀಟರ್. ಬಲ್ಬ್ ಆದರೆ ಅದರ ಬೆಳಕು ಸ್ಕ್ರೀನಿಗೆ ಬೀಳದಂತೆ ಮೇಲೆ ತಗಡಿನ ಮರೆ ಕಟ್ಟಿ; ಗಂಟೆಗಟ್ಟಲೆ ಬಿದ್ದರೆ ಅದೂ ಎಮಲ್ಷನ್ ಕೆಡಿಸುತ್ತದೆ. ಬಲ್ಬ್ ಪ್ಲೈವುಡ್‌ಗೆ ತಾಗದಂತೆ ಅಡಿಯಲ್ಲೂ ತಗಡು ಇರಲಿ. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಬಳಸುವ ಡಿಜಿಟಲ್ ಥರ್ಮೋಸ್ಟಾಟ್ ಸಿಕ್ಕಿಸಿ 36 ಡಿಗ್ರಿಗೆ ಇಡಿ. ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದು. ಕೆಳಗೆ ಗಾಳಿ ಒಳಬರುವ ಕಿಂಡಿಗೆ ಧೂಳು ಬಾರದಂತೆ ತೆಳು ಬಟ್ಟೆ, ಮೇಲೆ ಹೊರಹೋಗಲು ನಾಲ್ಕು ಇಂಚಿನ ಕಿಂಡಿ. ಈ ಮೇಲಿನ ಕಿಂಡಿಯನ್ನು ಶಾಖ ಹೋಗುತ್ತದೆಂದು ಮುಚ್ಚುವವರಿದ್ದಾರೆ. ಮುಚ್ಚಿದರೆ ಸ್ಕ್ರೀನ್ ಬಿಟ್ಟ ಹಬೆ ಒಳಗೇ ಸುತ್ತಿ ಅದಕ್ಕೇ ವಾಪಸಾಗುತ್ತದೆ.

ಒಳಗೊಂದು ಆರ್ದ್ರತೆ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ತೂಗುಹಾಕಿ. ಕೆಲವು ನೂರು ರೂಪಾಯಿಯ ಈ ಸಾಮಾನು ಇಲ್ಲದೆ ಮಲೆನಾಡಿನಲ್ಲಿ ಎಕ್ಸ್‌ಪೋಸಿಂಗ್ ಮಾಡುವುದು ಅಂದಾಜಿನ ಕೆಲಸ. ಫ್ರೇಮ್ ಇಡುವಾಗ ಪ್ರಿಂಟ್ ಬದಿ ಕೆಳಗೆ ಇರಲಿ.

ಎಷ್ಟು ಹೊತ್ತು? ತೂಕ ನೋಡಿ ಹೇಳಬಹುದು. ಅಲ್ಯುಮಿನಿಯಂ ಫ್ರೇಮನ್ನು 0.1 ಗ್ರಾಂ ತೋರಿಸುವ ತಕ್ಕಡಿಯ ಮೇಲಿಟ್ಟು ಬರೆದುಕೊಳ್ಳಿ, ಅರ್ಧ ಗಂಟೆಗೊಮ್ಮೆ ಮತ್ತೆ ತೂಗಿ. ಮೊದಲ ಗಂಟೆಯಲ್ಲಿ ತೂಕ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನ. ಎರಡು ತೂಕ ಒಂದೇ ಬಂದರೆ ನೀರು ಹೋಗಿದೆ. ಒಂದೆರಡು ಸಲ ಹೀಗೆ ಮಾಡಿದರೆ ನಿಮ್ಮ ಪೆಟ್ಟಿಗೆಗೆ ಬೇಕಾದ ಹೊತ್ತು ಗೊತ್ತಾಗುತ್ತದೆ, ಎರಡೂ ಬದಿಗೆ ಒಂದೊಂದೇ ಕೋಟ್ ಹಾಕಿದ್ದಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ. ಮರದ ಫ್ರೇಮಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಮರವೇ ನೀರು ಕುಡಿದು ಬಿಡುತ್ತಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಮೆಶ್‌ನ ಬಿಗಿತವೂ ಬದಲಾಗುವುದರಿಂದ ಸಾಧ್ಯವಾದರೆ ಅಲ್ಯುಮಿನಿಯಂಗೆ ಬದಲಾಯಿಸಿ.

ಬೆಚ್ಚಗಿದೆಯೆಂದು ಅಡುಗೆಮನೆಯ ಅಟ್ಟದಲ್ಲಿ ಸ್ಕ್ರೀನ್ ಇಡುವುದು, ಅಡಿಕೆ ಡ್ರೈಯರಿನಲ್ಲಿ ತೂರಿಸುವುದು ಎರಡೂ ಬೇಡ. ಅಟ್ಟದ ಹೊಗೆ, ಎಣ್ಣೆಪಸೆ ಮೆಶ್ ಮೇಲೆ ಕೂರುತ್ತದೆ. ಅಡಿಕೆಗೆ ಬೇಕಾದ ಶಾಖ ಎಮಲ್ಷನ್‌ಗೆ ಅತಿಯಾಯಿತು. 40 ಡಿಗ್ರಿ ಮೀರಿದ ಮೇಲೆ ಬೆಳಕೇ ಇಲ್ಲದೆ ಎಮಲ್ಷನ್ ಬಿಗಿಯತೊಡಗಿ, ಆಮೇಲೆ ಅಕ್ಷರ ತೊಳೆದರೂ ಬಿಡುವುದಿಲ್ಲ.

ಇನ್ನೊಂದು ಮಾತು. ಒಣಗಿದ ಎಮಲ್ಷನ್ ಗಾಳಿಯ ತೇವವನ್ನು ವಾಪಸ್ ಎಳೆದುಕೊಳ್ಳುತ್ತದೆ. ರಾತ್ರಿ ಸರಿಯಾಗಿ ಒಣಗಿಸಿ ಬೆಳಿಗ್ಗೆ ಎಕ್ಸ್‌ಪೋಸ್ ಮಾಡಿದ ಸ್ಕ್ರೀನ್ ಕೆಡುವುದು ಹೀಗೆ. ರಾತ್ರಿಯಿಡೀ ಕರೆಂಟ್ ಹೋಗಿ ಪೆಟ್ಟಿಗೆ ತಣ್ಣಗಾಗಿದ್ದರಂತೂ ಖಂಡಿತ. ಕೋಟ್ ಹಾಕಿಟ್ಟ ಸ್ಕ್ರೀನನ್ನು ಬಳಸುವ ಮುನ್ನ ಅರ್ಧ ಗಂಟೆ ಮತ್ತೆ ಪೆಟ್ಟಿಗೆಯಲ್ಲಿಡಿ. ಹೊರತೆಗೆದ ಮೇಲೆ ಹತ್ತು ನಿಮಿಷದೊಳಗೆ ಬೆಳಕಿಗೆ ಹಿಡಿಯಿರಿ. ಪಾಸಿಟಿವ್ ಹುಡುಕುತ್ತ, ಟೇಪ್ ಹರಿಯುತ್ತ ಸ್ಕ್ರೀನನ್ನು ಹೊರಗೆ ಕಾಯಿಸಬೇಡಿ. ಅದೆಲ್ಲ ಮೊದಲೇ ಸಿದ್ಧವಿರಲಿ.

ಪಾಸಿಟಿವ್

ಕಣ್ಣಿಗೆ ಕಪ್ಪಾಗಿ ಕಂಡದ್ದೆಲ್ಲ ಬೆಳಕಿಗೆ ಕಪ್ಪಲ್ಲ. ಲೇಸರ್ ಪ್ರಿಂಟರಿನಲ್ಲಿ ಬಟರ್ ಪೇಪರಿಗೆ ತೆಗೆದ ಪಾಸಿಟಿವನ್ನು ದೀಪಕ್ಕೆ ಹಿಡಿದರೆ ಟೋನರಿನ ನಡುವೆ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ. ಇಂಥದರಲ್ಲಿ ಪೂರ್ತಿ ಸಮಯ ಕೊಟ್ಟರೆ ಅಕ್ಷರದೊಳಗಿನ ಎಮಲ್ಷನ್ನೂ ಅರೆಬರೆ ಬೇಯುತ್ತದೆ, ಮುದ್ರಕ ಹೆದರಿ ಸಮಯ ಕಡಿಮೆ ಮಾಡುತ್ತಾನೆ, ಆಗ ಇಡೀ ಸ್ಟೆನ್ಸಿಲ್ಲೇ ಹಸಿಯಾಗಿ ಉಳಿಯುತ್ತದೆ. ಬಟರ್ ಪೇಪರೇ ಗತಿ ಎಂದಾದರೆ ಎರಡು ಪ್ರತಿ ತೆಗೆದು ಒಂದರ ಮೇಲೊಂದು ಕರಾರುವಾಕ್ಕಾಗಿ ಅಂಟಿಸಿ. ಮೊದಲು ಖಾಲಿ ಹಾಳೆಯನ್ನು ಒಮ್ಮೆ ಪ್ರಿಂಟರಿನಲ್ಲಿ ಓಡಿಸಿದರೆ ಅದು ಕುಗ್ಗುವಷ್ಟು ಕುಗ್ಗಿ, ಆಮೇಲೆ ಎರಡು ಪ್ರತಿ ಸರಿಯಾಗಿ ಕೂರುತ್ತವೆ. ಇಂಕ್‌ಜೆಟ್ ಫಿಲ್ಮ್ ಇದಕ್ಕಿಂತ ಎಷ್ಟೋ ವಾಸಿ, ಆದರೆ ಮಳೆಗಾಲದಲ್ಲಿ ಅದರ ಇಂಕ್ ಒಣಗದೆ ಸ್ಕ್ರೀನಿಗೆ ಅಂಟುತ್ತದೆ. ಅದನ್ನೂ ಹತ್ತು ನಿಮಿಷ ಒಣಗಿಸುವ ಪೆಟ್ಟಿಗೆಗೆ ಹಾಕಿ.

ಗಾಜಿನ ಮೇಲೆ ಇಂಕ್ ಇರುವ ಮೈ ಮೇಲಕ್ಕೆ, ಅಕ್ಷರ ನೇರವಾಗಿ ಓದುವಂತೆ ಪಾಸಿಟಿವ್ ಇಟ್ಟು, ಅದರ ಮೇಲೆ ಸ್ಕ್ರೀನಿನ ಪ್ರಿಂಟ್ ಬದಿ ಬರುವಂತೆ ಕೂರಿಸಿ. ಇಂಕಿಗೂ ಎಮಲ್ಷನ್‌ಗೂ ನಡುವೆ ಫಿಲ್ಮಿನ ದಪ್ಪವೂ ಇರಬಾರದು.

ದೀಪ, ದೂರ, ಗಾಜು, ಒತ್ತಡ

ಒಂದೇ ಬಿಂದುವಿನಿಂದ ಬೆಳಕು ಬರುವ ಮೆಟಲ್ ಹಾಲೈಡ್ ಅಥವಾ ಎಲ್‌ಇಡಿ ದೀಪ ಅಂಚನ್ನು ಚೂಪಾಗಿ ಕೊಡುತ್ತದೆ. ಸಾಲಾಗಿ ಜೋಡಿಸಿದ ಯುವಿ ಟ್ಯೂಬ್‌ಗಳ ಬೆಳಕು ಎಲ್ಲ ಕಡೆಯಿಂದ ಬರುತ್ತದೆ. ಚೀಲ, ಬ್ಯಾನರಿಗೆ ಅಡ್ಡಿಯಿಲ್ಲ, ತೀರಾ ಸಣ್ಣಕ್ಷರಕ್ಕೆ ಹಿನ್ನಡೆ. ಟ್ಯೂಬಿನಿಂದ ಟ್ಯೂಬಿಗೆ ಇರುವ ಅಂತರ, ಟ್ಯೂಬಿನಿಂದ ಗಾಜಿಗಿರುವ ದೂರಕ್ಕಿಂತ ಹೆಚ್ಚಿರಬಾರದು; ಇದ್ದರೆ ಸ್ಕ್ರೀನ್ ಮೇಲೆ ಬೆಂದ ಪಟ್ಟೆ, ಬೇಯದ ಪಟ್ಟೆ ಬೀಳುತ್ತದೆ.

ಒಂಟಿ ದೀಪವಾದರೆ ಅದರ ದೂರ ಕನಿಷ್ಠ ಚಿತ್ರದ ಮೂಲೆಯಿಂದ ಮೂಲೆಗಿರುವ ಅಳತೆಯಷ್ಟಿರಲಿ. ಹತ್ತಿರ ತಂದರೆ ನಡುವೆ ಅತಿಯಾಗಿ, ಅಂಚಲ್ಲಿ ಕಡಿಮೆಯಾಗಿ ಬೀಳುತ್ತದೆ. ದೂರ ಬದಲಾಯಿಸಿದರೆ ಸಮಯವೂ ದೂರದ ವರ್ಗದಂತೆ ಬದಲಾಗುತ್ತದೆ: 50 ಸೆಂ.ಮೀ.ನಲ್ಲಿ 2 ನಿಮಿಷ ಬೇಕಾದರೆ 70ರಲ್ಲಿ ಸುಮಾರು 4, 100ರಲ್ಲಿ 8.

ಗಾಜು ಐದಾರು ಮಿ.ಮೀ.ನ ಸಾದಾ ಗಾಜಾಗಲಿ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಬೇಕಾದ ನೇರಳಾತೀತ ಬೆಳಕನ್ನೇ ನುಂಗುತ್ತದೆ. ಗಾಳಿ ಹೀರಿ ಪಾಸಿಟಿವನ್ನು ಸ್ಕ್ರೀನಿಗೆ ಒತ್ತಿಹಿಡಿಯುವ ವ್ಯಾಕ್ಯೂಮ್ ಇಲ್ಲದವರು ಸ್ಕ್ರೀನಿನ ಒಳಗೆ ಕಪ್ಪು ಬಟ್ಟೆ, ಅದರ ಮೇಲೆ ಎರಡು ಇಂಚಿನ ಫೋಮ್, ಮೇಲೆ ಫ್ರೇಮಿನ ಒಳ ಅಳತೆಗೆ ಕೊಯ್ದ ಪ್ಲೈವುಡ್, ಅದರ ಮೇಲೆ ಮರಳಿನ ಚೀಲ ಇಡಿ. ಪಾಸಿಟಿವ್ ಎಲ್ಲಾದರೂ ಎದ್ದಿದ್ದರೆ ಅಲ್ಲಿ ಬೆಳಕು ಪಕ್ಕದಿಂದ ನುಗ್ಗಿ ಅಕ್ಷರ ಬಡವಾಗುತ್ತದೆ.

ಮಳೆಗಾಲದ ವೋಲ್ಟೇಜ್ ನಂಬುವಂಥದ್ದಲ್ಲ. ಸಾದಾ ಚೋಕಿನ ಟ್ಯೂಬ್, ಮೆಟಲ್ ಹಾಲೈಡ್ ಎರಡೂ ವೋಲ್ಟೇಜ್ ಇಳಿದಾಗ ಮಂಕಾಗುತ್ತವೆ, ಟೈಮರ್ ಮಾತ್ರ ಅಷ್ಟೇ ಹೊತ್ತು ಎಣಿಸುತ್ತದೆ. ಸ್ಟೆಬಿಲೈಸರ್ ಹಾಕಿ, ಇಲ್ಲವೇ ಕರೆಂಟನ್ನು ಸ್ಥಿರವಾಗಿ ಕೊಡುವ ಡ್ರೈವರ್ ಇರುವ ಎಲ್‌ಇಡಿಗೆ ಹೋಗಿ. ಟ್ಯೂಬ್ ಹಚ್ಚಿ ಕೆಲ ನಿಮಿಷ ಬಿಸಿಯಾದ ಮೇಲೆ ಕೆಲಸ ಶುರು ಮಾಡಿ. ಬಿಸಿಲಲ್ಲಿ ಎಕ್ಸ್‌ಪೋಸ್ ಮಾಡುವುದು ಜನವರಿಯಿಂದ ಮಾರ್ಚ್‌ವರೆಗೆ ನಡೆದೀತು. ಮೋಡ ಹಾಯ್ದುಹೋದರೂ ಲೆಕ್ಕ ತಪ್ಪುವುದರಿಂದ ಉಳಿದ ಕಾಲಕ್ಕೆ ಅದನ್ನು ನೆಚ್ಚುವಂತಿಲ್ಲ.

ಸ್ಟೆಪ್ ಟೆಸ್ಟ್

ಪಕ್ಕದ ಅಂಗಡಿಯವರು ಹೇಳಿದ ಸಮಯ ಅವರ ದೀಪಕ್ಕೆ, ಅವರ ಮೆಶ್‌ಗೆ, ಅವರ ಕೋಟಿಗೆ. ನಿಮ್ಮದನ್ನು ನೀವೇ ತೆಗೆಯಬೇಕು. ಒಂದು ಸ್ಕ್ರೀನ್ ಖರ್ಚು, ಒಂದು ಮಧ್ಯಾಹ್ನದ ಕೆಲಸ.

ಪಾಸಿಟಿವ್‌ನಲ್ಲಿ ಏಳು ಪಟ್ಟಿ ಮಾಡಿ, ಏಳರಲ್ಲೂ ಒಂದೇ ಮ್ಯಾಟರ್ ಇರಲಿ: 0.1, 0.2, 0.3, 0.5 ಮಿ.ಮೀ. ದಪ್ಪದ ಗೆರೆ, 6, 8, 10, 12 ಪಾಯಿಂಟಿನಲ್ಲಿ ‘ವಧು’, ‘ರಥೋತ್ಸವ’, ‘ಲಕ್ಷ್ಮೀ’, ‘ರಾಷ್ಟ್ರ’, ಪಕ್ಕದಲ್ಲಿ ಅದೇ ಪದಗಳು ಕಪ್ಪು ಚೌಕದೊಳಗೆ ಬಿಳಿಯಾಗಿ. ಇಂಗ್ಲಿಷ್ ಅಕ್ಷರದ ಸಿದ್ಧ ಟೆಸ್ಟ್ ಫಿಲ್ಮ್ ನಮ್ಮ ಕೆಲಸಕ್ಕೆ ಸಾಲದು. ‘ಧ’ದ ಹೊಟ್ಟೆ ಸೀಳುವ ಪುಟ್ಟ ಗೆರೆ ಮೊದಲು ಮುಚ್ಚುವ ಜಾಗ: ಬೆಳಕು ಅತಿಯಾದರೆ ಲಗ್ನಪತ್ರಿಕೆಯಲ್ಲಿ ‘ವಧು’ ಹೋಗಿ ‘ವದು’ ಆಗುತ್ತಾಳೆ. ‘ಥ’ದ ಚುಕ್ಕಿಯ ಸುತ್ತಲಿನ ತೆಳು ಗೋಡೆ ಮೊದಲು ಉದುರುವ ಜಾಗ: ಬೆಳಕು ಕಡಿಮೆಯಾದರೆ ಅದು ಕಿತ್ತುಹೋಗಿ ಚುಕ್ಕಿ, ಅಕ್ಷರ ಎರಡೂ ಒಂದೇ ಮುದ್ದೆ.

ಡಯಾಜೋ ಮತ್ತು ಟ್ಯೂಬ್ ದೀಪಕ್ಕೆ 1ರಿಂದ 8 ನಿಮಿಷದ ನಡುವೆ ಹುಡುಕೋಣ. ಪ್ರತಿ ಪಟ್ಟಿಗೂ ಹಿಂದಿನದರ ಸುಮಾರು 1.4ರಷ್ಟು ಬೆಳಕು ಬೀಳುವಂತೆ:

1. ಸ್ಕ್ರೀನ್, ಪಾಸಿಟಿವ್ ಕೂರಿಸಿ, ಇಡೀ ಸ್ಕ್ರೀನಿಗೆ 60 ಸೆಕೆಂಡು ಬೆಳಕು ಕೊಡಿ.
2. ಗಾಜಿನ ಅಡಿಯಿಂದ ಮೊದಲ ಪಟ್ಟಿಗೆ ಕಪ್ಪು ರಟ್ಟು ಅಡ್ಡ ಹಿಡಿದು ಉಳಿದದ್ದಕ್ಕೆ 25 ಸೆಕೆಂಡು.
3. ಎರಡನೇ ಪಟ್ಟಿಯನ್ನೂ ಮುಚ್ಚಿ 35.
4. ಮೂರನೆಯದನ್ನೂ ಮುಚ್ಚಿ 50.
5. ಹೀಗೇ ಮುಂದಕ್ಕೆ 70, 100, ಕೊನೆಯ ಪಟ್ಟಿ ಮಾತ್ರ ಉಳಿದಾಗ 140.

ಈಗ ಏಳು ಪಟ್ಟಿಗೆ ಕ್ರಮವಾಗಿ 60, 85, 120, 170, 240, 340, 480 ಸೆಕೆಂಡು ಬಿದ್ದಿದೆ. ಫೋಟೊಪಾಲಿಮರ್ ಮತ್ತು ಎಲ್‌ಇಡಿ ಆದರೆ 5, 2, 3, 4, 6, 8, 12 ಸೆಕೆಂಡಿನಂತೆ ಕೊಡಿ. ಪಟ್ಟಿಗಳಿಗೆ 5, 7, 10, 14, 20, 28, 40 ಆಗುತ್ತದೆ. ನಡುವೆ ಸ್ಕ್ರೀನ್ ಅಲ್ಲಾಡಬಾರದು.

ತೊಳೆದು ಮೂರು ಸಾಕ್ಷಿ ನೋಡಿ. ಒದ್ದೆಯಿರುವಾಗಲೇ ಒಳಬದಿಯನ್ನು ಬೆರಳಿಂದ ಉಜ್ಜಿ: ಲೋಳೆಯಾಗಿ ಬಣ್ಣ ಬಿಟ್ಟರೆ ಆ ಪಟ್ಟಿ ಬೆಂದಿಲ್ಲ. ಆಮೇಲೆ ಬಣ್ಣ: ಡಯಾಜೋದ ಹಳದಿ ಛಾಯೆ ಬೆಳಕು ಬಿದ್ದಷ್ಟೂ ಮಾಸುತ್ತದೆ. ಪಟ್ಟಿಯಿಂದ ಪಟ್ಟಿಗೆ ಬಣ್ಣ ಬದಲಾಗುತ್ತಿರುವವರೆಗೆ ಇನ್ನೂ ಖರ್ಚಾಗದ ಡಯಾಜೋ ಇದೆ. ಯಾವ ಪಟ್ಟಿಯಿಂದಾಚೆ ಬಣ್ಣ ಬದಲಾಗುವುದಿಲ್ಲವೋ ಅದೇ ಪೂರ್ತಿ ಬೆಂದ ಸಮಯ. ಮೂರನೆಯದು ವಿವರ: ಆ ಪಟ್ಟಿಯಲ್ಲಿ ನಿಮಗೆ ಬೇಕಾದ ಅಳತೆಯ ‘ಧ’ ಸೀಳಿದೆಯೇ?

ಸೀಳಿದ್ದರೆ ಕೆಲಸ ಮುಗಿಯಿತು. ಮುಚ್ಚಿದ್ದರೆ ಹೆಚ್ಚಿನವರು ಒಂದು ಪಟ್ಟಿ ಹಿಂದಕ್ಕೆ ಬರುತ್ತಾರೆ. ಅದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಪೂರ್ತಿ ಬೆಂದ ಸಮಯವನ್ನು ಬಿಟ್ಟುಕೊಡದೆ ಬೆಳಕು ಎಲ್ಲಿ ನುಗ್ಗುತ್ತಿದೆ ಎಂದು ಹುಡುಕಿ: ಪಾಸಿಟಿವ್ ಕಪ್ಪು ಸಾಲದೇ, ಒತ್ತಡ ಸಾಲದೇ, ಮೆಶ್ ಬಿಳಿಯೇ, ದೀಪ ಚೆಲ್ಲುವ ಬಗೆಯದೇ. ಅರೆಬೆಂದ ಸ್ಟೆನ್ಸಿಲ್ ಮೊದಲ ಐವತ್ತು ಪ್ರತಿಗೆ ಚೆನ್ನಾಗಿ ನಡೆದು ಆಮೇಲೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ, ಕೆಲಸ ಮುಗಿದ ಮೇಲೆ ಎಮಲ್ಷನ್ ತೆಗೆಯುವಾಗಲೂ ಕಾಡುತ್ತದೆ.

21 ಮೆಟ್ಟಿಲಿನ ಸ್ಟೌಫರ್ ಪಟ್ಟಿ (ಮೆಟ್ಟಿಲಿಂದ ಮೆಟ್ಟಿಲಿಗೆ ಕಪ್ಪು ಹೆಚ್ಚುತ್ತ ಹೋಗುವ ಫಿಲ್ಮ್) ಇದ್ದವರಿಗೆ ದಿನನಿತ್ಯದ ತಪಾಸಣೆ ಸುಲಭ. ಪ್ರತಿ ಸ್ಕ್ರೀನಿನ ಮೂಲೆಗೊಂದು ಅಂಟಿಸಿ ಎಕ್ಸ್‌ಪೋಸ್ ಮಾಡಿ. ಸಾಮಾನ್ಯವಾಗಿ 7ನೇ ಮೆಟ್ಟಿಲು ಗಟ್ಟಿಯಾಗಿ ನಿಲ್ಲಬೇಕು. 5ರವರೆಗೆ ಮಾತ್ರ ನಿಂತರೆ ಸಮಯ ಎರಡರಷ್ಟು ಮಾಡಿ, 9ರವರೆಗೆ ನಿಂತರೆ ಅರ್ಧ ಮಾಡಿ. ಆದರೆ ಬೇಸಿಗೆಯಲ್ಲಿ 7 ನಿಲ್ಲುತ್ತಿದ್ದ ಕಡೆ ಮಳೆಗಾಲದಲ್ಲಿ 4 ನಿಂತರೆ ಟೈಮರಿಗೆ ಕೈ ಹಾಕಬೇಡಿ. ಅದೇ ಕೋಟಿನ ಇನ್ನೊಂದು ಸ್ಕ್ರೀನನ್ನು ಪೆಟ್ಟಿಗೆಯಲ್ಲಿ ಎರಡು ಗಂಟೆ ಹೆಚ್ಚಿಗೆ ಇಟ್ಟು, ಹಳೆಯ ಸಮಯಕ್ಕೇ ಎಕ್ಸ್‌ಪೋಸ್ ಮಾಡಿ. ಮತ್ತೆ 7ಕ್ಕೆ ಬಂದರೆ ದೋಷ ತೇವದ್ದು. ಬಾರದಿದ್ದರೆ ಮಾತ್ರ ದೀಪ, ವೋಲ್ಟೇಜ್, ಎಮಲ್ಷನ್‌ನ ವಯಸ್ಸು ನೋಡಿ.

ತೊಳೆಯುವುದು

ಎರಡೂ ಬದಿಗೆ ನೀರು ಚಿಮುಕಿಸಿ ಒಂದು ನಿಮಿಷ ಬಿಡಿ. ಬೆಳಕು ತಾಗದ ಭಾಗ ನೀರು ಕುಡಿದು ಮೆತ್ತಗಾಗುತ್ತದೆ. ಆಮೇಲೆ ಪ್ರಿಂಟ್ ಬದಿಯಿಂದ ಸಾಧಾರಣ ಒತ್ತಡದಲ್ಲಿ ತೊಳೆಯಿರಿ. ಮಳೆಗಾಲದ ಬಾವಿನೀರು ತೀರಾ ತಣ್ಣಗಿದ್ದರೆ ಹಂಡೆಯ ನೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಅಕ್ಷರ ಬಿಡದಿದ್ದರೆ ಪ್ರೆಷರ್ ವಾಷರನ್ನು ಹತ್ತಿರ ತಂದು ಹೊಡೆಯಬೇಡಿ, ಒಂದು ನಿಮಿಷ ಹೆಚ್ಚು ನೆನೆಯಲು ಬಿಡಿ. ಕೊನೆಗೆ ಒಳಬದಿಯನ್ನು ಚೆನ್ನಾಗಿ ಜಾಲಾಡಿ, ದೀಪಕ್ಕೆ ಹಿಡಿದು ಅಕ್ಷರದೊಳಗೆ ತೆಳು ಪರೆ ಉಳಿದಿಲ್ಲವೆಂದು ನೋಡಿ, ಪ್ರಿಂಟ್ ಆಗದ ನ್ಯೂಸ್ ಪೇಪರಿನಿಂದ ಒತ್ತಿ ನೀರು ಹೀರಿಸಿ. ಆ ಪರೆ ಒಣಗಿದರೆ ಕಣ್ಣಿಗೆ ಕಾಣುವುದಿಲ್ಲ, ಇಂಕ್ ಮಾತ್ರ ಇಳಿಯುವುದಿಲ್ಲ.

ನೀರಿನ ಇಂಕ್ ಬಳಸಿ ಬಟ್ಟೆಗೆ ಎಳೆಯುವವರು ನೀರು ತಡೆಯುವ ಎಮಲ್ಷನ್ನೇ ಕೊಳ್ಳಬೇಕು. ಪೂರ್ತಿ ಒಣಗಿಸಿ, ಈ ಸಲ ಸ್ಕ್ವೀಜಿ ಬದಿಯಿಂದ ಅದೇ ಸಮಯದಷ್ಟು ಮತ್ತೊಮ್ಮೆ ಬೆಳಕು ಕೊಟ್ಟರೆ ಇನ್ನಷ್ಟು ಗಟ್ಟಿ. ಮೊದಲ ಸಲ ಅರೆಬೆಂದದ್ದನ್ನು ಇದು ಪೂರ್ತಿ ಸರಿಮಾಡುವುದಿಲ್ಲ, ತೊಳೆಯುವಾಗ ಕೊಚ್ಚಿಹೋದದ್ದು ಹೋಯಿತು.

ಕೆಟ್ಟಾಗ ಎಲ್ಲಿ ನೋಡಬೇಕು

ತೊಳೆಯುವಾಗ ದೊಡ್ಡ ತುಂಡುಗಳೇ ಎದ್ದು ಬಂದರೆ ಜಿಡ್ಡು ಅಥವಾ ತೇವ. ಎಲ್ಲ ಕಡೆ ಚದುರಿದ ಪಿನ್‌ಹೋಲ್ ಇದ್ದರೆ ಧೂಳು, ಗುಳ್ಳೆ ಅಥವಾ ಅರೆಬೇಯಿಸುವಿಕೆ; ಪ್ರತಿ ಸ್ಕ್ರೀನಿನಲ್ಲೂ ಒಂದೇ ಜಾಗದಲ್ಲಿದ್ದರೆ ಗಾಜಿನ ಮೇಲಿನ ಕಲೆ. ಅಕ್ಷರ ಒಂದು ಮೂಲೆಯಲ್ಲಿ ಮಾತ್ರ ಮುಚ್ಚಿದ್ದರೆ ಅಲ್ಲಿ ಪಾಸಿಟಿವ್ ಎದ್ದಿತ್ತು. ಇಡೀ ಸ್ಕ್ರೀನಿನಲ್ಲಿ ಏನೂ ಬಿಡದಿದ್ದರೆ ಒಣಗಿಸುವಾಗ ಶಾಖ ಅತಿಯಾಗಿದೆ, ಇಲ್ಲವೇ ಕೋಣೆಯಲ್ಲಿ ಬಿಳಿ ಬೆಳಕು ಬಿದ್ದಿದೆ. ಮುಂದಿನ ಸ್ಕ್ರೀನಿನ ಒಣಗಿದ ಕೋಟಿನ ಮೇಲೆ ಒಂದು ನಾಣ್ಯ ಇಟ್ಟು ಅರ್ಧ ಗಂಟೆ ಆ ಕೋಣೆಯಲ್ಲೇ ಬಿಟ್ಟು ತೊಳೆದರೆ, ನಾಣ್ಯದ ಗುರುತು ಮೂಡಿದರೆ ಕಳ್ಳ ದೀಪವೇ. ಬಹಳ ದಿನ ಇಟ್ಟ ಸ್ಕ್ರೀನಿನಲ್ಲಿ ಬೂಷ್ಟಿನ ಚುಕ್ಕೆ ಕಂಡರೆ ಅದನ್ನು ಎಕ್ಸ್‌ಪೋಸ್ ಮಾಡುವ ಶ್ರಮ ಬೇಡ, ತೊಳೆದು ಹೊಸ ಕೋಟ್ ಹಾಕಿ.

ಪ್ರತಿ ಸ್ಕ್ರೀನಿನ ಫ್ರೇಮಿಗೆ ಒಂದು ಚೀಟಿ ಅಂಟಿಸುವ ಪದ್ಧತಿ ಇಟ್ಟುಕೊಳ್ಳಿ: ಮೆಶ್, ಕೋಟ್, ಪೆಟ್ಟಿಗೆಯೊಳಗಿನ ಆರ್ದ್ರತೆ, ಒಣಗಿದ ಗಂಟೆ, ಬೆಳಕಿನ ಸೆಕೆಂಡು, ನಿಂತ ಮೆಟ್ಟಿಲು. ಜೂನ್‌ನ ಚೀಟಿಯನ್ನು ಫೆಬ್ರವರಿಯದರ ಪಕ್ಕ ಇಟ್ಟರೆ ಯಾವುದು ಬದಲಾಯಿತು ಎಂಬುದು ತಾನೇ ಗೊತ್ತಾಗುತ್ತದೆ.

ತೊಳೆದ ನೀರನ್ನು ತೋಟದ ಕಪ್ಪಿಗೆ (ನೀರು ಬಸಿಯುವ ಕಾಲುವೆಗೆ), ಬಾವಿಯ ಪಕ್ಕಕ್ಕೆ ಬಿಡಬೇಡಿ. ತೊಟ್ಟಿಯ ಕೆಳಗೆ ಡ್ರಮ್ ಇಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಉಳಿದ ಗಷ್ಟನ್ನು ಒಣಗಿಸಿ ಬೇರೆ ಕಸದ ಜೊತೆ ಬೆರೆಯದಂತೆ ಚೀಲದಲ್ಲಿ ಕಟ್ಟಿಡಿ. ಮಳಿಗೆಯಲ್ಲಿ ಹಳೆಯ ಬೈಕ್ರೊಮೇಟ್ ಬಾಟಲಿ ಉಳಿದಿದ್ದರೆ ಅದನ್ನು ಚರಂಡಿಗೆ ಸುರಿಯುವಂತಿಲ್ಲ. ಬಿಗಿಯಾಗಿ ಮುಚ್ಚಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಒಪ್ಪಿಸಿ.